ಮಾರಿಯ ಆಸಿಡ್ಡು, ಎಂಟು ದಿನಕ್ಕೊಮ್ಮೆಯ ನಳ

ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ನಿವೃತ್ತಳಾಗಿ ಬಿಟ್ಟ ಸ್ಟೂಲಿಗೆ ಬಂದು ಕುಳಿತ ಹೊಸ ಹುಡುಗಿ ಮೊನ್ನೆ ಫೋನು ಮಾಡಿದ್ದಳು. "ಅಕ್ಕಾರ, ಈ ಕೆಲಸದಾಗ ಏನೇನು ನೋಡ್ಕೋಬೇಕು, ಒಂದಿಷ್ಟು ಬರ್ದು ಕೊಡ್ರಿ" ಎಂದಳು. ಬರೆಯಲು ಕುಳಿತಿದ್ದೇನೆ. ನಯವಾಗಿ ಬರೆಯುತ್ತೇನೆಂದು ಮಾತ್ರ ಯಾರೂ ತಿಳಿಯಬೇಡಿ. ಇಪ್ಪತ್ತೆರಡು ವರ್ಷ ಮಂದಿಯ ಮಾರಿ, ಅಂದರೆ ಮುಖ, ನೋಡಿದ್ದೇನೆ. ಮಾರಿ ನೋಡಿ ಬಂದ ಬುದ್ಧಿ ನಯವಾಗಿರುವುದಿಲ್ಲ.

ನಾನು ನರ್ಸಿಂಗ್ ಓದಿದವಳಲ್ಲ. ಧಾರವಾಡದಲ್ಲಿ ಪಿಯುಸಿ ಸೈನ್ಸ್‌ ತೆಗೆದುಕೊಂಡು ಎರಡು ಸಲ ನಪಾಸಾದವಳು. ಆದರೂ ಬಿಳಿ ಕೋಟು ತೊಟ್ಟ ಮರುಗಳಿಗೆಯಿಂದ ಎಲ್ಲರ ಬಾಯಲ್ಲೂ ಸಿಸ್ಟರ್ ಆದೆ. ಕೆಲಸ ಸಿಕ್ಕಿದ್ದು ನನ್ನ ಗಂಟಲಿನಿಂದ. ಸಂದರ್ಶನಕ್ಕೆ ಹೋದ ದಿನ ಡಾಕ್ಟರು ನನ್ನ ಸರ್ಟಿಫಿಕೇಟು ನೋಡಲೇ ಇಲ್ಲ. "ಹೊರಗ ಕೂತವರನ್ನ ಒಬ್ಬರನ್ನ ಕರೀರಿ ನೋಡೋಣ" ಎಂದರು. ಬಾಗಿಲಿಗೆ ಹೋಗಿ "ಬಸಪ್ಪಾ!" ಎಂದು ಕೂಗಿದೆ. ಹೊರಗಿನ ಹಾಲಿನಲ್ಲಿ ಮೂವರು ಬಸಪ್ಪಗಳು ಎದ್ದು ನಿಂತರು, ರಸ್ತೆಯಾಚೆ ಚಹಾ ಕುಡಿಯುತ್ತಿದ್ದ ನಾಲ್ಕನೆಯವನು ಕಪ್ಪು ಬಿಟ್ಟು ಓಡಿಬಂದ. "ನಾಳಿಂದ ಬರ್ರಿ" ಎಂದರು ಡಾಕ್ಟರು. ಬಡ್ತಿ ಎಂದರೆ ಆಮೇಲೆ ಸ್ಟೂಲಿಗೆ ಒಂದು ಮೆತ್ತೆ ಬಂತು, ಅಷ್ಟೇ. ಅದನ್ನು ವಿಸ್ತರಿಸುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮುಲಾಮನ್ನು ನಾವೇ ಅರೆಯುತ್ತಿದ್ದೆವು. ಬಿಳಿ ಕಲ್ಲಿನ ಖಲಬತ್ತು, ವ್ಯಾಸಲೀನಿನ ಡಬ್ಬ, ಗಂಧಕ. ಸಂಜೆ ಬಸ್ಸು ಹತ್ತಿ ಲಕಮನಹಳ್ಳಿಯ ಮನೆಗೆ ಹೋಗುವಾಗ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಿದ್ದರು. ಬರುವವರೂ ಖರೇ ಬೇನೆಯವರು: ಹುಳುಕಡ್ಡಿ, ಕಜ್ಜಿ, ಒಡೆದ ಹಿಮ್ಮಡಿ. ವಾಸಿಯಾದರೆ ಬಂದು ಕೈಮುಗಿದು ಹೋಗುತ್ತಿದ್ದರು. ದಶಕ ಮುಗಿಯುವ ಹೊತ್ತಿಗೆ ಬೇನೆಯಿಲ್ಲದವರು ಬರತೊಡಗಿದರು. ಬೇನೆಯಿಲ್ಲದವರನ್ನು ವಾಸಿ ಮಾಡುವಷ್ಟು ಕಷ್ಟದ ಕೆಲಸ ಈ ಭೂಮಿಯ ಮೇಲೆ ಇನ್ನೊಂದಿಲ್ಲ. "ಸಿಸ್ಟರ್, ನನ್ನ ಮಾರಿ ಡಲ್ ಆಗೇತ್ರಿ" ಎನ್ನುವರು. ಹುಟ್ಟಿದಾಗಿನಿಂದ ಹಾಗೇ ಇದೆ ತಾಯಿ ಎಂದು ನಾನು ಒಳಗೇ ಅಂದುಕೊಂಡು ಚೀಟಿ ಹರಿದು ಕೊಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ಗ್ಲೈಕಾಲಿಕ್ ಆಸಿಡ್ ಬಂತು. ಔಷಧ ಕಂಪನಿಯ ಪ್ರತಿನಿಧಿಯೊಬ್ಬ ಟೈ ಕಟ್ಟಿಕೊಂಡು ಬಂದು, ಕಬ್ಬಿನ ಗದ್ದೆಯ ಬಣ್ಣದ ಚಿತ್ರವೊಂದನ್ನು ಮೇಜಿನ ಮೇಲೆ ಹಾಸಿ, ಇದು ಕಬ್ಬಿನಿಂದ ಬಂದದ್ದು, ಚರ್ಮದ ಮೇಲಿನ ಸತ್ತ ಪದರನ್ನು ಮೆಲ್ಲಗೆ ಎಬ್ಬಿಸುತ್ತದೆ, ಕಲೆ ತಿಳಿಯಾಗುತ್ತದೆ ಎಂದು ಹಾಡು ಹೇಳಿದ ಹಾಗೆ ಹೇಳಿ ಹೋದ. ನಮ್ಮ ಡಾಕ್ಟರು ಮುಂಬಯಿಗೆ ಹೋಗಿ ಎರಡು ದಿನ ಕಲಿತು ಬಂದರು. ಬಂದವರೇ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಐದು ವರ್ಷ ಓದಿ ಪಡೆದ ಡಿಗ್ರಿಗಿಂತ ಎರಡು ದಿನದ್ದಕ್ಕೆ ಚೌಕಟ್ಟು ದಪ್ಪಗಿತ್ತು. ಬಂದವರಿಗೆಲ್ಲ "ಹೆದರಬ್ಯಾಡ್ರಿ, ಕಬ್ಬಿಂದ ಮಾಡಿದ್ದಿದು" ಎಂದು ಹೇಳತೊಡಗಿದರು.

ಕಲಘಟಗಿ ಕಡೆಯ ಒಬ್ಬ ಹೆಣ್ಣುಮಗಳು ಇದನ್ನು ಕೇಳಿಸಿಕೊಂಡು ಔಷಧ ಹಚ್ಚಿಸಿಕೊಳ್ಳದೆ ಹೋದಳು. ಹದಿನೈದು ದಿನ ಬಿಟ್ಟು ಮುಖದ ತುಂಬ ಗಂಧೆ ಎದ್ದ ಹಾಗೆ ಬಂದಳು. "ಹೊಲದಾಗ ಕಬ್ಬು ನಿಂತೈತ್ರಿ, ರೊಕ್ಕ ಯಾಕ ಕೊಡೂದು ಅಂತ ಕಬ್ಬಿನ ಹಾಲು ಹಿಂಡಿ ಹಚ್ಚಿಕೊಂಡು ಮಲಗಿದ್ನಿರಿ. ಇರಿವಿ ಮುತ್ತಿಬಿಟ್ಟಾವ್ರಿ" ಎಂದಳು. ಹೊರಗೆ ಕುಳಿತವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಅವಳ ಮೇಲೆ ನಗು ಬರಲಿಲ್ಲ. ಟೈ ಕಟ್ಟಿದವನ ಮಾತನ್ನು ನಮ್ಮ ಡಾಕ್ಟರು ನಂಬಿದರು, ಡಾಕ್ಟರ ಮಾತನ್ನು ಇವಳು ನಂಬಿದಳು. ಇರುವೆ ಕಚ್ಚಿದ್ದು ಇವಳೊಬ್ಬಳಿಗೇ.

ಕ್ಲಿನಿಕ್ಕಿನಲ್ಲಿ ಮಾಡುವಾಗ ಕೆಲಸ ಸರಳ, ಕಣ್ಣು ಮಾತ್ರ ಬೇಕು. ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ಎರಡು ದಿನ ಕಾಯುವುದು. ಆಮೇಲೆ ಮುಖದ ಜಿಡ್ಡು ತೆಗೆದು, ಅರಳೆಯಿಂದ ಹಚ್ಚಿ, ಮೇಜಿನ ಗಡಿಯಾರ ನೋಡುತ್ತ ನಿಲ್ಲುವುದು. ಹೊತ್ತಾದ ಕೂಡಲೆ ಸೋಡಾಪುಡಿ ಕದಡಿದ ನೀರು ಸಿಂಪಡಿಸಿ, ತಣ್ಣೀರು ಸುರಿಯುವುದು. ಡಾಕ್ಟರು ಮೊದಲ ಸಲ ಹಚ್ಚಿದ್ದು ನನ್ನ ಮುಂಗೈಗೆ. "ನಿಮ್ಮದು ದಪ್ಪ ಚರ್ಮ ಅದ, ಏನಾಗಂಗಿಲ್ಲ" ಎಂದರು. ಅಷ್ಟರಲ್ಲಿ ಅವರಿಗೊಂದು ಫೋನು ಬಂತು, ಮಾತಿನಲ್ಲಿ ಮೈಮರೆತರು. ನನ್ನ ಕೈಮೇಲೆ ಹುಣಸೆಬೀಜದಷ್ಟು ಮಚ್ಚೆ ಇವತ್ತಿಗೂ ಇದೆ. ಮರುದಿನದಿಂದ ಗಡಿಯಾರ ನನ್ನ ವಶಕ್ಕೆ ಬಂತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮನೆಯಲ್ಲೇ ಹಚ್ಚಿಕೊಳ್ಳುವ ಬಾಟಲಿಗಳು ಬಂದವು. ಆಸಿಡ್ಡು ಸೌಮ್ಯ, ಆದರೆ ಹಚ್ಚುವ ಕೈ ಸೌಮ್ಯವಾಗಿರಬೇಕಲ್ಲ? ಒಂದು ಹನಿಗೆ ಇಷ್ಟು ಬಿಳುಪಾದರೆ ಹತ್ತು ಹನಿಗೆ ಎಷ್ಟು ಎಂದು ಲೆಕ್ಕ ಹಾಕುವ ಜಾಣೆಯರು ನಮ್ಮ ಊರಲ್ಲಿ ಬೇಕಾದಷ್ಟಿದ್ದರು. ಇಂಗ್ಲಿಷಿನ ಸೂಚನೆಯ ಕಾಗದ ಯಾರೂ ಓದುತ್ತಿರಲಿಲ್ಲ. ಡಾಕ್ಟರು ಅದನ್ನು ನನ್ನ ಕೈಗೆ ಕೊಟ್ಟು, "ಕನ್ನಡದಾಗ ಬರ್ದು ಝೆರಾಕ್ಸ್ ಮಾಡಿಸ್ರಿ, ನಿಮ್ಮ ಅಕ್ಷರ ದುಂಡಗ ಅದಾವ" ಎಂದರು. ಆ ಹೊಗಳಿಕೆಗೆ ನಾನು ಉಬ್ಬಿಹೋದೆ. ಡಿಕ್ಷನರಿ ಹಿಡಿದು ಕುಳಿತು ಬರೆದೆ: ಪ್ರತಿ ಭಾನುವಾರ ತಪ್ಪದೆ ಹಚ್ಚಬೇಕು, ಎರಡು ನಿಮಿಷಕ್ಕೆ ಸರಿಯಾಗಿ ಧಾರಾಳ ನೀರಿನಿಂದ ತೊಳೆಯಬೇಕು, ಬಿಸಿಲಿಗೆ ಹೋಗಬಾರದು. ಇಂಗ್ಲಿಷಿನಲ್ಲಿ ವಾರಕ್ಕೊಮ್ಮೆ ಎಂದಷ್ಟೇ ಇತ್ತು. ನೆನಪಿಗೆ ಸುಲಭವೆಂದು ಭಾನುವಾರವನ್ನು ಸೇರಿಸಿದವಳು ನಾನು. ಕೆಳಗೆ ಗೆರೆ ಎಳೆದವಳೂ ನಾನೇ.

ಚೀಟಿ ಹಂಚತೊಡಗಿದ ತಿಂಗಳಲ್ಲೇ ಬೈರಿದೇವರಕೊಪ್ಪದ ಒಬ್ಬರು ಕೆಂಡದಂತೆ ಕೆಂಪಾದ ಮುಖ ಹೊತ್ತು ಬಂದರು.

"ಬಿಸಲಾಗ ಹೋಗಿದ್ರೇನ್ರಿ?" ಎಂದೆ, ಜೋರು ಮಾಡಿ.

"ಹೊಸ್ತಿಲಾ ದಾಟಿಲ್ರಿ ಸಿಸ್ಟರ್! ಒಳಗ ಕೂತು ನಲವತ್ತು ರೊಟ್ಟಿ ಬಡದೇನಿ, ಅಷ್ಟ."

ಆಸಿಡ್ಡು ತೊಳೆದ ಮುಖ ಹೊತ್ತು ಉರಿಯುವ ಒಲೆಯ ಮುಂದೆ ಎರಡು ತಾಸು. ಬಿಸಿಲಿಗೆ ಹೋಗಬೇಡಿ ಎಂದು ಬರೆದ ಮೇಧಾವಿಗೆ ರೊಟ್ಟಿಯ ಒಲೆ ನೆನಪಾಗಿರಲಿಲ್ಲ. ಆ ಕಾಗದ ಬರೆದ ದೇಶದಲ್ಲಿ ಯಾರು ರೊಟ್ಟಿ ಬಡಿಯುತ್ತಾರೆ? ನಾನು ಬಡಿಯುತ್ತೇನಲ್ಲ, ನನಗಾದರೂ ನೆನಪಾಗಬೇಕಿತ್ತು. 'ಒಲೆಯ ಮುಂದೆ ಕೂಡಬಾರದು' ಎಂದು ಇನ್ನೊಂದು ಸಾಲು ಸೇರಿಸಿದೆ. ಸೇರಿಸಿ, ಇನ್ನು ಚೀಟಿಯಲ್ಲಿ ಯಾವ ತಪ್ಪೂ ಉಳಿದಿಲ್ಲವೆಂದು ಬೀಗಿದೆ.

ಆಗ ಬಂದವಳು ಅನಸೂಯಾ. ಕಮರಿಪೇಟೆಯವಳು, ಇಪ್ಪತ್ತೆರಡು ವರ್ಷದ ಹುಡುಗಿ, ದೊಡ್ಡದೊಂದು ಸೀರೆ ಅಂಗಡಿಯಲ್ಲಿ ಕೆಲಸ. ಗಲ್ಲದ ಮೇಲೆ ಹಳೆಯ ಮೊಡವೆಗಳ ಕಲೆ, ಅಂಥ ದೊಡ್ಡದೇನೂ ಅಲ್ಲ. ಹತ್ತು ಮಂದಿಯಲ್ಲಿ ಏಳು ಮಂದಿಗೆ ಇರುವಂಥದ್ದು. ಬೇನೆಯಿಲ್ಲದವರ ಸಾಲಿನಲ್ಲಿ ಇನ್ನೊಬ್ಬಳು ಎಂದುಕೊಂಡು, "ಯಾಕವಾ, ವರ ನೋಡಾಕ ಬರ್ತಾರೇನು?" ಎಂದು ಚುಚ್ಚಿದೆ.

"ಇಲ್ರಿ. ಗಾದಿ ಸಲುವಾಗಿ" ಎಂದಳು.

ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಕುಳಿತು ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುವ ಜಾಗಕ್ಕೆ ಅವಳು ಮೂರು ವರ್ಷದಿಂದ ಕಾಯುತ್ತಿದ್ದಳು. ಅವಳ ಅಜ್ಜ ಮಗ್ಗ ನೇಯ್ದವನು. ಇಳಕಲ್ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಇದು ಕೈಮಗ್ಗ, ಇದು ಯಂತ್ರದ್ದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಮಾಲಕ ಅವಳನ್ನು ಹಿಂದಿನ ಗೋದಾಮಿನಲ್ಲಿ ಮಡಿಕೆ ಹಾಕಲು ಕೂರಿಸಿದ್ದ. "ಗಿರಾಕಿ ಮೊದಲ ಮಾರಿ ನೋಡ್ತಾವ, ಆಮ್ಯಾಲ ಸೀರಿ. ದಸರಾದೊಳಗ ಮಾರಿ ತಿಳಿ ಮಾಡ್ಕೊಂಡು ಬಾ, ಗಾದಿ ನಿಂದ. ಇಲ್ಲಂದ್ರ ಬ್ಯಾರೇದಾಕಿನ್ನ ಕೂಡಸ್ತೇನಿ" ಎಂದಿದ್ದನಂತೆ. ಆ ಮಹಾಶಯನನ್ನು ನಾನು ನೋಡಿದ್ದೆ. ಅವನ ಮಾರಿ ನೋಡಿ ಗಿರಾಕಿ ಬರುವುದಾಗಿದ್ದರೆ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು.

ದಸರಾಕ್ಕೆ ಎರಡೂವರೆ ತಿಂಗಳಿತ್ತು. ಡಾಕ್ಟರು ಬಾಟಲಿ ಬರೆದರು, ನಾನು ಚೀಟಿ ಕೊಟ್ಟೆ. ಅವಳು ಎಲ್ಲರ ಹಾಗೆ ಮಡಚಿ ಪರ್ಸಿಗೆ ತುರುಕಲಿಲ್ಲ. ನನ್ನ ಮುಂದೆಯೇ ನಿಂತು, ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದಳು. "ಐತವಾರ ತಪ್ಪಸಬಾರ್ದು, ಹೌದಲ್ರಿ?" ಎಂದು ಭಾನುವಾರದ ಸಾಲಿಗೆ ಬೆರಳಿಟ್ಟು ಕೇಳಿದಳು. "ಗೆರಿ ಎಳದೇನಿ ನೋಡು" ಎಂದೆ.

ತಿಂಗಳ ಕೊನೆಗೆ ತೋರಿಸಲು ಬಂದಾಗ ಕಲೆ ಖರೇ ತಿಳಿಯಾಗಿತ್ತು. ಗೋದಾಮಿನಿಂದ ಒಂದು ದಿನ ಗಾದಿಗೆ ಕರೆದು ಕೂರಿಸಿ ನೋಡಿದರಂತೆ. ಆ ಸುದ್ದಿ ಹೇಳುವಾಗ ಅವಳ ಕಣ್ಣಲ್ಲಿದ್ದ ಬೆಳಕಿಗೆ ಯಾವ ಆಸಿಡ್ಡೂ ಬೇಕಿರಲಿಲ್ಲ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ದಸರಾಕ್ಕೆ ಇಪ್ಪತ್ತು ದಿನವಿರುವಾಗ ಸೋಮವಾರ ಮುಂಜಾನೆ ಬಂದಳು, ಮುಖಕ್ಕೆ ಸೆರಗು ಮುಚ್ಚಿಕೊಂಡು. ಸೆರಗು ಸರಿಸಿದಳು. ಮೂಗಿನ ಎರಡೂ ಮಗ್ಗಲು, ಬಾಯಿಯ ಮೂಲೆ, ಎಡಗಲ್ಲ ಎಲ್ಲ ಸುಟ್ಟು ಕಂದಿತ್ತು. ನಮ್ಮ ಬಣ್ಣದ ಚರ್ಮ ಸುಟ್ಟರೆ ಕೆಂಪು ನಾಲ್ಕು ದಿನಕ್ಕೆ ಹೋಗುತ್ತದೆ, ಆಮೇಲೆ ಕಪ್ಪು ಬಂದು ಕೂಡುತ್ತದೆ. ಆ ಕಪ್ಪಿಗೆ ದಸರಾದ ಅವಸರ ಇರುವುದಿಲ್ಲ.

ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಹಾಲಿನಲ್ಲಿ ಜನ ತುಂಬಿದ್ದರು.

"ಏನ್ ಮಾಡ್ಕೊಂಡೀ ಇದು? ತೊಳಕೊಂಡಿಯಿಲ್ಲೋ?" ಎಂದರು ಡಾಕ್ಟರು.

"ಒದ್ದಿ ಬಟ್ಟೀಲೆ ಒರಸಿಕೊಂಡೇನ್ರಿ..."

"ಒರಸಿಕೊಂಡಿ? ಚೀಟ್ಯಾಗ ಏನ್ ಬರದದ? ಧಾರಾಳ ನೀರು ಅಂತ ಬರದಿಲ್ಲ? ಓದಾಕ ಬರ್ತದಿಲ್ಲೋ? ಊರಾಗ ನೀರಿಗೆ ಬರ ಬಂದಿತ್ತೇನು? ದಡ್ಡಿ, ದಡ್ಡಿ ಅಂದ್ರ ದಡ್ಡಿ!"

ಅವರು ದುಷ್ಟರಲ್ಲ. ಅವರ ಮನೆಗೆ ಬೋರ್‌ವೆಲ್ ಇತ್ತು, ಅಷ್ಟೇ. ಊರಿನ ನಳದಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆಂದು ಅವರಿಗೆ ಪೇಪರಿನಲ್ಲಿ ಓದಿ ಗೊತ್ತಿತ್ತು. ನನಗೆ ಪೇಪರು ಬೇಕಿರಲಿಲ್ಲ. ಆ ವಾರ ಎಲ್ಲೋ ಪೈಪು ಒಡೆದು ಹತ್ತು ದಿನವಾದರೂ ನೀರು ಬಂದಿರಲಿಲ್ಲ. ನಾನೇ ಅವತ್ತು ತಲೆಗೆ ನೀರು ಹಾಕದೆ, ಜಿಡ್ಡು ಕೂದಲಿಗೆ ಬಿಗಿಯಾಗಿ ಗಂಟು ಕಟ್ಟಿಕೊಂಡು ಬಂದಿದ್ದೆ. ಹುಡುಗಿ ಬಾಯಿ ಬಿಟ್ಟು ಹೇಳುವ ಮೊದಲೇ ನನಗೆ ಎಲ್ಲ ತಿಳಿದಿತ್ತು. ಅವಳು ತಲೆಯೆತ್ತಿ ಒಂದು ಸಲ ನನ್ನ ಕಡೆ ನೋಡಿದಳು. ಮೂರು ಬಸಪ್ಪಗಳನ್ನು ಎಬ್ಬಿಸಿದ ಈ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ. ಮುಲಾಮಿನ ಟ್ಯೂಬು ಹುಡುಕುವವಳ ಹಾಗೆ ಕಪಾಟಿನೊಳಗೆ ತಲೆ ಹಾಕಿ ನಿಂತೆ. ಅವಳು ಸೆರಗು ಮುಚ್ಚಿಕೊಂಡು ಹಾಲು ದಾಟಿ ಹೋದಳು, ಹಾಲಿನಲ್ಲಿದ್ದವರೆಲ್ಲ ನೋಡಿದರು.

ಮೂರನೆಯ ದಿನ ವಿಳಾಸ ಹುಡುಕಿಕೊಂಡು ಕಮರಿಪೇಟೆಗೆ ಹೋದೆ. ಅನಸೂಯಾ ಕೆಲಸಕ್ಕೆ ಹೋಗಿದ್ದಳು, ಗೋದಾಮಿಗೆ. ಅವಳ ತಾಯಿ ತುಳಸವ್ವ ಒಳಗೆ ಕರೆದಳು. ಬಾಗಿಲ ಬಳಿಯೇ ಎರಡು ಬ್ಯಾರಲ್ಲು, ನಾಲ್ಕು ಕೊಡ. ಎಲ್ಲಕ್ಕೂ ತಟ್ಟೆ ಮುಚ್ಚಿತ್ತು.

"ಮೊದಲಿನ ವಾರ ಎಲ್ಲಾ ನಳ ಶನಿವಾರ ಬರ್ತಿತ್ರಿ ಅಕ್ಕಾರ. ಐತವಾರಕ್ಕ ನೀರು ಭರ್ತಿ ಇರ್ತಿತ್ತು, ತೊಳಕೊಂತಿದ್ಲು. ಈ ಸಲ ಬರ್ಲೇ ಇಲ್ಲ. ಬ್ಯಾರಲ್ಲಿನ ತಳ ಕಾಣಾಕತ್ತಿತ್ತು. ಕುಡಿಯಾಕ ಒಂದು ಕೊಡ ಉಳಿದಿತ್ರಿ. ಈ ವಾರ ಬಿಡವಾ ಅಂದೆ ನಾ. ಇಲ್ಲವ್ವಾ, ಸಿಸ್ಟರ್ ತಪ್ಪಸಬಾರ್ದು ಅಂತ ಗೆರಿ ಎಳದಾರ, ದಸರಾ ಬಂತು ಅಂದ್ಲು. ಕುಡಿಯೋ ನೀರು ಮುಟ್ಟಲಿಲ್ಲ. ಅರಿವಿ ತುದಿ ಅಷ್ಟ ತೊಯ್ಸಿಕೊಂಡು ಒರಸಿಕೊಂಡ್ಲು. ಉರಿ ಅಂತ ಮತ್ತ ಅದ ಅರಿವೀಲೆ ಒರಸಿದ್ಲು."

ಅದೇ ಬಟ್ಟೆಯಿಂದ ಮತ್ತೆ ಒರೆಸಿದ್ದು ಎಂದರೆ ಆಸಿಡ್ಡನ್ನೇ ಮತ್ತೆ ಹಚ್ಚಿದ್ದು. ಮನೆಯಲ್ಲಿ ನಾನು ಮಾಡುತ್ತಿದ್ದುದೂ ಅದೇ ಅಲ್ಲವೇ? ಹತ್ತನೆಯ ದಿನಕ್ಕೆ ಮುಖ ತೊಳೆಯುವುದು ನಿಂತು ಒರೆಸುವುದು ಶುರುವಾಗುತ್ತಿತ್ತು. ಈ ಊರಲ್ಲಿ ಹುಟ್ಟಿ, ಈ ಊರ ಕೊಡಗಳನ್ನು ಹೊತ್ತು, ಕ್ಯಾಲೆಂಡರಿನ ಭಾನುವಾರ ನೋಡಿ ಚೀಟಿ ಬರೆದ ನನ್ನಂಥ ಗುಗ್ಗು ಇನ್ನೊಬ್ಬಳಿಲ್ಲ. ದಡ್ಡತನ ಯಾರದ್ದೆಂದು ಆ ಬ್ಯಾರಲ್ಲುಗಳ ಮುಂದೆ ನಿಂತಾಗ ಸ್ಪಷ್ಟವಾಗಿತ್ತು. ತುಳಸವ್ವನಿಗೆ ಅದನ್ನು ಹೇಳಲು ಬಾಯಿ ತೆರೆದೆ. ಅವಳು ಚಹಾ ತಂದಿಟ್ಟಳು, ನಳ ಇನ್ನೂ ಬಂದಿರಲಿಲ್ಲ, ಆ ಒಂದು ಕೊಡದ ತಳದ ನೀರಿನಲ್ಲಿ ಮಾಡಿದ ಚಹಾ. ಕುಡಿದು, ಮುಲಾಮು ಕೊಟ್ಟು, ಬಾಯಿ ಮುಚ್ಚಿಕೊಂಡು ಬಂದೆ.

ಮರುದಿನ ಹಳೆಯ ಚೀಟಿಗಳನ್ನೆಲ್ಲ ಹರಿದೆ. ಹೊಸದಾಗಿ ಬರೆದೆ: ನಳ ಬಂದ ದಿನ ಮಾತ್ರ ಹಚ್ಚಬೇಕು. ನಳ ಬರದಿದ್ದರೆ ಆ ವಾರ ಬಿಡಬೇಕು. ಹಚ್ಚುವ ಮೊದಲೇ ತುಂಬಿದ ಬಕೆಟ್ಟು ಪಕ್ಕದಲ್ಲಿರಬೇಕು. ಒರೆಸಬಾರದು.

ಡಾಕ್ಟರು ಓದಿ ನಕ್ಕರು. "ಏನ್ರಿ ಇದು, ಔಷಧದ ಚೀಟಿಯೋ ನೀರಿನ ಆಫೀಸಿನ ನೋಟೀಸೋ? ಮುಂಬಯಿಯವರು ನೋಡಿದ್ರ ನಗತಾರ."

"ಮುಂಬಯಿಯವರು ನಮ್ಮ ಓಣಿಗೆ ನೀರು ತುಂಬಾಕ ಬರಂಗಿಲ್ರಿ" ಎಂದೆ. ಅಷ್ಟಾದರೂ ಅಂದೆ. ಆದರೆ ಅನಸೂಯಾಳ ಹೆಸರು ಎತ್ತಲಿಲ್ಲ. ಆ ಚೀಟಿ ಬಂದ ಮೇಲೆ ಒಬ್ಬರ ಮುಖವೂ ಹಾಗೆ ಸುಡಲಿಲ್ಲ. ಆಮೇಲೆ ಡಾಕ್ಟರು ಸಭೆಯೊಂದರಲ್ಲಿ ನಳದ ದಿನದ ಉಪಾಯ ತಮ್ಮದೇ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಗಿಟ್ಟಿಸಲಿ. ಆ ದಸರಾಕ್ಕೆ ಗಾದಿಯ ಮೇಲೆ ಬೇರೆ ಹುಡುಗಿ ಕುಳಿತಳು.

ಅನಸೂಯಾ ಮತ್ತೆ ಕ್ಲಿನಿಕ್ಕಿಗೆ ಬರಲಿಲ್ಲ. ನಾನೂ ಆ ಅಂಗಡಿಯ ರಸ್ತೆ ತುಳಿಯಲಿಲ್ಲ. ಮಾರ್ಕೆಟ್ಟಿಗೆ ಹೋಗಬೇಕಾದರೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಆರು ವರ್ಷ ಹಾಗೆ ಸುತ್ತು ಹಾಕಿದ್ದೇನೆ.

ನಿವೃತ್ತಿಯಾದ ವಾರ ತಂಗಿಯ ಮಗಳ ಮದುವೆಗೆಂದು ಸೀರೆ ಕೊಳ್ಳುವುದಿತ್ತು. ಇನ್ನೆಷ್ಟು ಸುತ್ತುವುದು ಎಂದುಕೊಂಡು ಅದೇ ಅಂಗಡಿಗೆ ಹೋದೆ. ಇಳಕಲ್ ಕೇಳಿದೆ. "ನಡುವಿನ ಗಾದಿಗೆ ಹೋಗ್ರಿ, ಇಳಕಲ್ ಅಕ್ಕಾರ ತೋರಸ್ತಾರ" ಎಂದರು. ಗಾದಿಯ ಮೇಲೆ ಅನಸೂಯಾ ಕುಳಿತಿದ್ದಳು. ಮಾಲಕನಿಗೆ ಕೊನೆಗೂ ಬುದ್ಧಿ ಬಂದದ್ದಲ್ಲ. ಧಾರವಾಡದ ಹಳೆಯ ಮನೆತನದ ಹೆಂಗಸರು ಬಂದು ಅಸಲಿ ಕೈಮಗ್ಗ ಕೇಳಿದಾಗ ಗಾದಿಯ ಚೆಂದದ ಹುಡುಗಿಯರು ಪಿಳಿಪಿಳಿ ಕಣ್ಣು ಬಿಟ್ಟರಂತೆ. ಗೋದಾಮಿನಿಂದ ಇವಳನ್ನು ಕರೆಸದೆ ಗತಿಯಿರಲಿಲ್ಲ.

ನಾನು ಕುಳಿತೆ. ಅವಳು ಸೀರೆ ಬಿಡಿಸುತ್ತಿದ್ದಳು, ನನ್ನ ಕಣ್ಣು ಅವಳ ಎಡಗಲ್ಲದ ಮೇಲಿತ್ತು.

"ಸುಟ್ಟ ಕಲಿ ಹುಡುಕಾಕತ್ತೀರೇನ್ರಿ ಸಿಸ್ಟರ್?" ಎಂದಳು, ಸೀರೆಯಿಂದ ಕಣ್ಣು ತೆಗೆಯದೆ. "ಅದು ಎರಡು ವರ್ಷಕ್ಕ ಹೋತ್ರಿ."

ನಾನು ಸೀರೆ ಪಕ್ಕಕ್ಕೆ ಸರಿಸಿದೆ. "ಅನಸೂಯಾ, ಆ ಚೀಟಿ ತಪ್ಪು ನಂದವಾ. ಐತವಾರ ಅಂತ ಬರದಾಕಿ ನಾನು. ನೀರು ಬಂದಿದ್ದಿಲ್ಲ ಅಂತ ಅವತ್ತ ನನಗ ಗೊತ್ತಿತ್ತು."

"ಗೊತ್ತೈತ್ರಿ. ನಿಮ್ಮ ತಲಿ ನೋಡಿದ್ನಲ್ರಿ, ನೀವೂ ನೀರು ಎರಕೊಂಡಿದ್ದಿಲ್ಲ." ಸೆರಗನ್ನು ನನ್ನ ಮುಂದೆ ಹಾಸಿದಳು. "ಸುಟ್ಟದ್ದು ಹೋತ್ರಿ, ಗಾದಿನೂ ಸಿಕ್ತು. ಆದ್ರ ಅಷ್ಟು ಮಂದಿ ಮುಂದ ದಡ್ಡಿ ಅನಿಸ್ಕೊಂಡು ಹೊರಗ ಬಂದ್ನಲ್ರಿ, ಅದು ಹೋಗಿಲ್ಲ. ಅವರು ಅಂದಿದ್ದಕ್ಕ ಸಿಟ್ಟಿಲ್ರಿ, ಅವರಿಗೆ ಗೊತ್ತಿದ್ದಿಲ್ಲ. ನಿಮಗ ಗೊತ್ತಿತ್ತು."

ನೋಡು ಹುಡುಗಿ, ಇಪ್ಪತ್ತೆರಡು ವರ್ಷದಲ್ಲಿ ನಾನು ತಿಂದ ಬೈಗುಳವನ್ನೆಲ್ಲ ಒಟ್ಟು ಹಾಕಿದರೂ ಆ ಒಂದು ಮಾತಿನಷ್ಟು ಉರಿದದ್ದಿಲ್ಲ. ಅಂಗಡಿಯಲ್ಲಿ ಮಂದಿ ಕಿಕ್ಕಿರಿದಿದ್ದರು. ನಾನು ಎದ್ದು ನಿಂತೆ. ಹೊರಗಿನ ಬೆಂಚಿನವರನ್ನು ಕರೆಯುತ್ತಿದ್ದ ಅದೇ ದನಿಯಲ್ಲಿ ಕೂಗಿದೆ.

"ಕೇಳ್ರಿ ಎಲ್ಲಾರೂ! ಈ ಅನಸೂಯಾನ್ನ ಡಾಕ್ಟರ ಕಡೆ ಒಮ್ಮೆ ದಡ್ಡಿ ಅಂದಿದ್ರು. ಅಕಿ ದಡ್ಡಿ ಅಲ್ಲ. ತಪ್ಪು ಚೀಟಿ ಬರದಾಕಿ ನಾನು, ಬಾಯಿ ಮುಚ್ಚಿಕೊಂಡು ನಿಂತಾಕಿ ನಾನು!"

ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲಕ ಬಾಯಿ ತೆರೆದುಕೊಂಡು ನೋಡಿದ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಅನಸೂಯಾಳ ಕಣ್ಣು ತುಂಬಿ ಬಂದವು. ಅವಳು ಒರೆಸಿಕೊಳ್ಳಲಿಲ್ಲ.

"ಸಾಕ್ರಿ" ಎಂದಳು. "ಕೂಡ್ರಿ. ಇನ್ನ ಸೀರಿ ನೋಡೋಣ."